ತಡವಾಗಿ ಸಿಗುವ ಮನಸ್ಸು

ಮಹಾಕೂಟದ ವಿಷ್ಣು ಪುಷ್ಕರಣಿಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕುಳಿತವರು ದಿನಕ್ಕೆ ಒಬ್ಬರಾದರೂ ಕಾಣಸಿಗುತ್ತಾರೆ. ನಿಶ್ಶಬ್ದ ಬೇಕೆಂದು ಬಂದವರಿಗೆ ಇದು ತಕ್ಕ ಜಾಗವಲ್ಲ. ಹುಡುಗರು ಕಟ್ಟೆಯ ಮೇಲಿಂದ ಒಬ್ಬರ ಹಿಂದೊಬ್ಬರು ನೀರಿಗೆ ಧುಮುಕುತ್ತಾರೆ. ಮಿಂದ ಹೆಂಗಸರು ಒದ್ದೆ ಸೀರೆಯಲ್ಲೇ ಮಹಾಕೂಟೇಶ್ವರನ ಗುಡಿಯತ್ತ ಸರಸರ ಹೆಜ್ಜೆ ಹಾಕುತ್ತಾರೆ. ಮರದ ಮೇಲಿನ ಕೋತಿಗಳಿಗೆ ಕಾಯಿ-ಬಾಳೆಹಣ್ಣಿನ ಬುಟ್ಟಿಯ ಮೇಲೇ ಕಣ್ಣು. ಒಳಗೆ ಹೋಗುವ ಪ್ರತಿಯೊಬ್ಬರೂ ಗಂಟೆ ಬಾರಿಸಿಯೇ ಹೋಗುತ್ತಾರೆ. ಅಷ್ಟರ ನಡುವೆಯೂ ಜನ ಕೂರುತ್ತಾರೆ. ಇಲ್ಲಿ ಕೂರುವುದು ನಿನ್ನೆ ಮೊನ್ನೆಯ ರೂಢಿಯೂ ಅಲ್ಲ.

ಬಾದಾಮಿಯಿಂದ ರಸ್ತೆ ಹಿಡಿದರೆ ಮಹಾಕೂಟ ಸುಮಾರು 14 ಕಿ.ಮೀ. ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಅದಕ್ಕಿಂತ ಹತ್ತಿರ. ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಬತ್ತದ ಒರತೆ, ಒರತೆಯ ನೀರು ತುಂಬಿದ ಹೊಂಡ, ಹೊಂಡದ ಸುತ್ತ ಬಾದಾಮಿ ಚಾಲುಕ್ಯರ ಕಾಲದ ಗುಡಿಗಳು. ಮಹಾಕೂಟೇಶ್ವರ ಮತ್ತು ಮಲ್ಲಿಕಾರ್ಜುನ ದ್ರಾವಿಡ ಶೈಲಿಯವು, ಸಂಗಮೇಶ್ವರ ನಾಗರ ಶಿಖರದ್ದು. ಹೊಂಡದೊಳಗಿನ ಪುಟ್ಟ ಮಂಟಪದಲ್ಲಿ ನಾಲ್ಕು ದಿಕ್ಕಿಗೂ ಮುಖವಿರುವ ಲಿಂಗವಿದೆ. ಜನ ಅದನ್ನು ಪಂಚಮುಖ ಎನ್ನುತ್ತಾರೆ. ಐದನೆಯದಾದ ಈಶಾನ ಮುಖ ಮೇಲಕ್ಕೆ ನೋಡುವಂಥದ್ದು; ಅದನ್ನು ಸಾಮಾನ್ಯವಾಗಿ ಕಲ್ಲಿನಲ್ಲಿ ಕಡೆಯುವುದಿಲ್ಲ.

ಮೆಟ್ಟಿಲ ಮೇಲೆ ಕುಳಿತವರು ಬಾಗಲಕೋಟೆಯ ಒಬ್ಬ ಶಾಲಾ ಮಾಸ್ತರು ಎಂದುಕೊಳ್ಳೋಣ. ಅವರ ಎರಡೇ ನಿಮಿಷವನ್ನು ಹತ್ತಿರದಿಂದ ನೋಡಬಹುದು. ಉಸಿರು ಒಳಗೆ ಬಂದದ್ದು ಗೊತ್ತಾಗುತ್ತದೆ, ಹೊರಗೆ ಹೋದದ್ದೂ ಗೊತ್ತಾಗುತ್ತದೆ. ಗುಡಿಯ ಕಡೆಯಿಂದ ಊದಿನಕಡ್ಡಿಯ ವಾಸನೆ ಬರುತ್ತದೆ. ಆ ವಾಸನೆಯ ಹಿಂದೆಯೇ ಅವ್ವನ ತಿಥಿ, ತಿಥಿಗೆ ಬಾರದ ತಮ್ಮ, ತಮ್ಮನ ಜೊತೆಗೆ ಇನ್ನೂ ತೀರದ ಮುಳುಗಡೆ ಪರಿಹಾರದ ಪಾಲಿನ ಜಗಳ. ಮುಂದಿನದು ತಹಶೀಲ್ದಾರ್ ಕಚೇರಿಯ ವರಾಂಡ. ಅಲ್ಲಿ ಮಾಸ್ತರು ತಮ್ಮನಿಗೆ ಸರಿಯಾದ ಮಾತು ಆಡುತ್ತಿದ್ದಾರೆ; ನಿಜವಾದ ಜಗಳದಲ್ಲಿ ಬಾಯಿಗೆ ಬಾರದೇ ಹೋದ ಮಾತು ಅದು. ಹಲ್ಲು ಬಿಗಿದಿದೆ, ಭುಜ ಏರಿದೆ. ಅಷ್ಟರಲ್ಲಿ ಗಂಟೆ. ಆಗ ತಿಳಿಯುತ್ತದೆ, ಇಷ್ಟು ಹೊತ್ತೂ ತಾನು ಮಹಾಕೂಟದಲ್ಲಿ ಇರಲೇ ಇಲ್ಲ ಎಂದು.

ಮಾಸ್ತರಿಗೆ ಬೇಸರವಾಗುತ್ತದೆ. ಎರಡು ನಿಮಿಷವೂ ಮನಸ್ಸು ನಿಲ್ಲಲಿಲ್ಲವಲ್ಲ ಎಂಬ ಬೇಸರ. ಆದರೆ ಮನಸ್ಸನ್ನು ನೋಡುವ ಕೆಲಸ ನಡೆದದ್ದು ಆ ಗಂಟೆಯ ಕ್ಷಣದಲ್ಲಿಯೇ. ಹೋದದ್ದು ಗೊತ್ತಾಯಿತಲ್ಲ, ಅದೇ ನೋಡಿದ್ದು. ಈ ಒಂದು ವಿಷಯವನ್ನು ಬಿಟ್ಟುಕೊಟ್ಟರೆ ಧ್ಯಾನ, ಅಂತರಂಗ, ಪ್ರಜ್ಞೆ ಮುಂತಾದ ಎಲ್ಲ ದೊಡ್ಡ ಮಾತುಗಳೂ ಪೊಳ್ಳಾಗುತ್ತವೆ.

ಓಡುವ ಮನಸ್ಸು ಮಾಸ್ತರೊಬ್ಬರದೇ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಹೋಗುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯೇ, ಬೇರೆಡೆ ಇದೆಯೇ? ಉತ್ತರಗಳಲ್ಲಿ ಶೇ. 46.9ರಷ್ಟು ಸಲ ಮನಸ್ಸು ಬೇರೆಡೆ ಇತ್ತು. ಅಂದರೆ ಎಚ್ಚರದ ಬದುಕಿನ ಸರಿಸುಮಾರು ಅರ್ಧ. ಮೆದುಳಿನ ಚಿತ್ರ ತೆಗೆಯುವವರಿಗೂ ಇಂಥದೇ ಒಂದು ಸಂಗತಿ ಎದುರಾಗಿತ್ತು. ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದ ಪ್ರಕಾರ, ಮನುಷ್ಯ ಏನೂ ಮಾಡದೆ ಸುಮ್ಮನೆ ಇರುವಾಗ ಮೆದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗುತ್ತವೆ. ಆ ಭಾಗಗಳಿಗೆ ನೆನಪು, ನಾಳೆಯ ಯೋಜನೆ, ತನ್ನ ಬಗ್ಗೆ ತಾನೇ ಕಟ್ಟುವ ಕತೆ ಇವುಗಳೊಂದಿಗೆ ಸಂಬಂಧವಿದೆ ಎಂದು ಆಮೇಲಿನ ಸಂಶೋಧನೆಗಳು ತೋರಿಸಿದವು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ತಿನ್ನುತ್ತದೆ. ಸುಮ್ಮನೆ ಕೂತರೆ ಆ ಖರ್ಚು ಹೇಳಿಕೊಳ್ಳುವಷ್ಟು ಇಳಿಯುವುದೂ ಇಲ್ಲ.

ಹಾಗಾದರೆ ನೋಡುವವರು ಯಾರು?

19ನೇ ಶತಮಾನದ ಫ್ರೆಂಚ್ ಚಿಂತಕ ಆಗಸ್ಟ್ ಕಾಮ್ಟ್, ತನ್ನ ಮನಸ್ಸನ್ನು ತಾನೇ ನೋಡುವುದು ಆಗದ ಮಾತು ಎಂದುಬಿಟ್ಟ. ಯೋಚಿಸುವವನೂ ಆ ಯೋಚನೆಯನ್ನು ನೋಡುವವನೂ ಒಬ್ಬನೇ ಆದ ಮೇಲೆ, ಒಬ್ಬನೇ ಎರಡು ಹೋಳಾಗುವುದು ಹೇಗೆ ಎಂಬುದು ಅವನ ತಕರಾರು. ಅದಕ್ಕೆ ಜಾನ್ ಸ್ಟುವರ್ಟ್ ಮಿಲ್ ಕೊಟ್ಟ ಉತ್ತರ, 1890ರಲ್ಲಿ ವಿಲಿಯಂ ಜೇಮ್ಸ್ ಎತ್ತಿಹಿಡಿದ ಉತ್ತರ, ಸರಳವಾಗಿತ್ತು: ನೋಡುವುದು ಆಮೇಲೆ. ಸಿಟ್ಟು ಬಂದ ಮರುಕ್ಷಣ, ಅದಿನ್ನೂ ಬಿಸಿಯಾಗಿರುವಾಗ, ನೆನಪು ಅದನ್ನು ಹಿಡಿಯುತ್ತದೆ. ಅಂತರಂಗದ ನೋಟವೆಲ್ಲ ಹಿನ್ನೋಟವೇ. ಜೇಮ್ಸನ ಈ ಮಾತಿನಲ್ಲಿ ಧ್ಯಾನಕ್ಕೆ ಕುಳಿತವರಿಗೆ ದೊಡ್ಡ ಸಮಾಧಾನವಿದೆ. ಮನಸ್ಸು ಯಾವಾಗಲೂ ಸ್ವಲ್ಪ ತಡವಾಗಿಯೇ ಸಿಗುತ್ತದೆ. ತಡವಾದದ್ದು ತಪ್ಪಲ್ಲ. ಸಾಧನೆ ಎಂಬುದೊಂದು ಇದ್ದರೆ ಅದು ಆ ತಡವನ್ನು ಕಡಿಮೆ ಮಾಡಿಕೊಳ್ಳುವುದು. ಒಂದು ದಿನದ ನಂತರ ತಿಳಿಯುತ್ತಿದ್ದದ್ದು ಒಂದು ತಾಸಿಗೆ, ತಾಸಿಗೆ ತಿಳಿಯುತ್ತಿದ್ದದ್ದು ಒಂದು ಉಸಿರಿಗೆ ತಿಳಿಯುವಂತಾಗುವುದು.

ಅಮೆರಿಕದ ಮನೋವಿಜ್ಞಾನಿ ರಸೆಲ್ ಹರ್ಲ್‌ಬರ್ಟ್ 1970ರ ದಶಕದಿಂದ ಇದನ್ನೇ ಪ್ರಯೋಗ ಮಾಡಿಕೊಂಡವರು. ಜನರ ಕಿವಿಗೆ ಒಂದು ಬೀಪರ್ ಕೊಟ್ಟು ಕಳಿಸುತ್ತಾರೆ. ಅದು ಯಾವಾಗಲಾದರೂ ಸದ್ದು ಮಾಡುತ್ತದೆ. ಸದ್ದಿಗೆ ಸರಿಯಾಗಿ ಹಿಂದಿನ ಕ್ಷಣದಲ್ಲಿ ಒಳಗೆ ಏನಿತ್ತೋ ಅದನ್ನು ಬರೆದುಕೊಳ್ಳಬೇಕು, ಅಷ್ಟೇ. ತಾವು ಸದಾ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವೆ ಎಂದು ಖಚಿತವಾಗಿ ಹೇಳುತ್ತಿದ್ದ ಎಷ್ಟೋ ಜನರಿಗೆ, ಬರೆದುಕೊಂಡದ್ದನ್ನು ನೋಡಿದಾಗ ಒಳಮಾತು ಅಪರೂಪ ಎಂದು ತಿಳಿಯಿತು. ಕೆಲವರೊಳಗೆ ಚಿತ್ರಗಳು, ಕೆಲವರೊಳಗೆ ಬರೀ ಭಾವ, ಇನ್ನು ಕೆಲವರೊಳಗೆ ಮಾತೂ ಚಿತ್ರವೂ ಇಲ್ಲದ ಯೋಚನೆ. ನಮ್ಮ ಮನಸ್ಸಿನ ಬಗ್ಗೆ ನಮಗಿರುವುದು ಬಹಳ ಸಲ ತಿಳಿವಳಿಕೆಯಲ್ಲ, ಊಹೆ. ಮಹಾಕೂಟದ ಮೆಟ್ಟಿಲ ಮೇಲೆ ಕುಳಿತವರಿಗೆ ಗುಡಿಯ ಗಂಟೆಯೇ ಆ ಬೀಪರ್. ಅದರ ಸದ್ದನ್ನು ಅಡ್ಡಿ ಎಂದುಕೊಳ್ಳುವವರು ಒಳ್ಳೆಯ ಸಹಾಯವೊಂದನ್ನು ಕಳೆದುಕೊಳ್ಳುತ್ತಾರೆ.

ಈ ತಡವನ್ನು ಕಡಿಮೆ ಮಾಡಲು ಈ ನೆಲದಲ್ಲಿ ಹಿಡಿದ ಮೊದಮೊದಲ ದಾರಿ ಮಾತ್ರ ಇಂದಿನವರು ಬೆಚ್ಚಿಬೀಳುವಂಥದ್ದು. ಮಹಾಕೂಟದ ಶಿಲ್ಪಗಳಲ್ಲಿ ಲಕುಲೀಶನಿದ್ದಾನೆ, ಕೈಯಲ್ಲಿ ದಂಡ ಹಿಡಿದ ಶಿವನ ರೂಪ. ಗುಜರಾತಿನ ಕಾರವಾನದ ಈ ಗುರುವನ್ನು ನಂಬಿದವರು ಪಾಶುಪತರು. ಅವರ ಪಾಶುಪತ ಸೂತ್ರಗಳೂ ಅವಕ್ಕೆ ಕೌಂಡಿನ್ಯ ಬರೆದ ಭಾಷ್ಯವೂ ಬಹುಕಾಲ ಕಣ್ಮರೆಯಾಗಿದ್ದು, 1940ರಲ್ಲಿ ತಿರುವನಂತಪುರದಲ್ಲಿ ಅಚ್ಚಾದವು. ಅವುಗಳಲ್ಲಿ ವ್ರತದ ಹಂತಗಳಿವೆ. ಮೊದಲ ಹಂತದಲ್ಲಿ ಸಾಧಕ ಗುಡಿಯಲ್ಲಿರುತ್ತಾನೆ. ದಿನಕ್ಕೆ ಮೂರು ಹೊತ್ತು ಬೂದಿಯಲ್ಲಿ ಮೀಯುತ್ತಾನೆ, ಬೂದಿಯಲ್ಲೇ ಮಲಗುತ್ತಾನೆ, ದೇವರೆದುರು ನಗುತ್ತಾನೆ, ಹಾಡುತ್ತಾನೆ, ಕುಣಿಯುತ್ತಾನೆ. ಎರಡನೆಯ ಹಂತದಲ್ಲಿ ಗುಡಿ ಬಿಟ್ಟು, ಸಾಧಕನೆಂಬ ಗುರುತನ್ನೆಲ್ಲ ಮರೆಸಿ ಜನರ ನಡುವೆ ಹೋಗಬೇಕು. ಎಚ್ಚರವಿದ್ದೂ ಗೊರಕೆ ಹೊಡೆಯಬೇಕು. ಮೈ ನಡುಗಿಸಬೇಕು. ಕುಂಟಬೇಕು. ಅರ್ಥವಿಲ್ಲದ ಮಾತಾಡಬೇಕು. ಜನ ಹುಚ್ಚನೆಂದು ಬೈಯಬೇಕು, ಅಟ್ಟಬೇಕು. ಅದೇ ಬೇಕಾದದ್ದು. ಆಮೇಲಿನ ಹಂತಗಳಲ್ಲಿ ಪಾಳು ಮನೆ ಅಥವಾ ಗುಹೆ, ಕೊನೆಗೆ ಸ್ಮಶಾನ.

ಗ್ರಂಥ ಕೊಡುವ ಕಾರಣ ಪುಣ್ಯದ ಲೆಕ್ಕದ್ದು: ಸುಳ್ಳು ನಿಂದೆ ಮಾಡಿದವರ ಪುಣ್ಯ ಸಾಧಕನಿಗೆ, ಅವನ ಪಾಪ ಅವರಿಗೆ. 1962ರಲ್ಲಿ ಹಾರ್ವರ್ಡಿನ ಸಂಸ್ಕೃತ ವಿದ್ವಾಂಸ ಡೇನಿಯಲ್ ಇಂಗಲ್ಸ್ ಈ ವ್ರತವನ್ನು ಗ್ರೀಸಿನ ಸಿನಿಕ ಪಂಥದವರ ಜೊತೆ ಹೋಲಿಸಿ ಬರೆದರು. ಆದರೆ ಪುಣ್ಯದ ಲೆಕ್ಕವನ್ನು ಬದಿಗಿಟ್ಟರೂ ಈ ವ್ರತದಲ್ಲಿ ಉಳಿಯುವುದು ಬಹಳ. ಬೈಗುಳ ಕೇಳುವುದು ಮೊದಲೇ ಗೊತ್ತು, ತಾನೇ ಕರೆದದ್ದು, ಆದರೂ ಮೈಯಲ್ಲಿ ರಕ್ತ ಏರುತ್ತದೆ. ಗೊರಕೆ ಹೊಡೆದಂತೆ ನಟಿಸುತ್ತ ಮಲಗಿದವನ ಬಗ್ಗೆ ಜನ ಆಡುವ ಮಾತು ಅವನ ಕಿವಿಗೆ ಬೀಳುತ್ತದೆ; ಎದ್ದು ಉತ್ತರ ಕೊಡುವ ಹಾಗಿಲ್ಲ. ಆಗ ಒಳಗೆ ಏಳುವುದನ್ನು ನೋಡುವುದೊಂದೇ ಅವನಿಗೆ ಉಳಿದ ಕೆಲಸ. ಹೊಗಳಿಕೆ, ಗೌರವ, ಹೆಸರು ಇವುಗಳ ಮೇಲೆ ನಿಂತ ‘ನಾನು’ ಎಂಬುದು ಅಲ್ಲಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದವರು ಚರಿತ್ರೆಯಲ್ಲಿ ಕಡಿಮೆ.

ಇದೇ ಮಹಾಕೂಟದಲ್ಲಿ ಬಾದಾಮಿ ಚಾಲುಕ್ಯರ ರಾಜ ಮಂಗಳೇಶ ಕಂಬವೊಂದನ್ನು ನಿಲ್ಲಿಸಿದ. ಕ್ರಿ.ಶ. 600ರ ಆಸುಪಾಸಿನ ಆ ಧರ್ಮಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಕಲಚುರಿ ಬುದ್ಧರಾಜನನ್ನು ಗೆದ್ದು ತಂದ ಸಂಪತ್ತು, ಮಕುಟೇಶ್ವರನಾಥನಿಗೆ ಕೊಟ್ಟ ದಾನ, ರಾಣಿ ದುರ್ಲಭದೇವಿಯ ದತ್ತಿ ಎಲ್ಲವೂ ಅದರಲ್ಲಿವೆ. ಮುಂದೆ ಕೆಲವೇ ವರ್ಷಗಳಲ್ಲಿ ಮಂಗಳೇಶ ತನ್ನ ಮಗನಿಗೆ ಪಟ್ಟ ಕಟ್ಟಲು ಹೊರಟು, ಅಣ್ಣನ ಮಗ ಇಮ್ಮಡಿ ಪುಲಿಕೇಶಿಯ ಕೈಯಲ್ಲಿ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಅದನ್ನು ಹೇಳುವುದು ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ 634ರ ಶಾಸನ. ರಾಜರ ಕಲ್ಲುಗಳಲ್ಲಿ ಗೆದ್ದದ್ದು, ಸೋತದ್ದು, ಕೊಟ್ಟದ್ದು ಸಿಗುತ್ತವೆ. ಆಸೆ ಹುಟ್ಟಿದ ಗಳಿಗೆ ಸಿಗುವುದಿಲ್ಲ.

ಆ ಗಳಿಗೆ ಕನ್ನಡದಲ್ಲಿ ದಾಖಲಾಗಲು 12ನೇ ಶತಮಾನ ಬರಬೇಕಾಯಿತು. ಮಹಾಕೂಟಕ್ಕೆ ಹತ್ತಿರದಲ್ಲೇ ಹರಿಯುವ ಮಲಪ್ರಭೆ ಪಟ್ಟದಕಲ್ಲು, ಐಹೊಳೆ ದಾಟಿ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣ ಬೆಳೆದದ್ದು ಅಲ್ಲಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಲೆಕ್ಕ ಬರೆಸಿದ ಈ ಮನುಷ್ಯ ತನ್ನ ಮನಸ್ಸಿನ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ಒಪ್ಪಿಸಿದ. ಅವನ ಎಷ್ಟೋ ವಚನಗಳಲ್ಲಿ ಮನಸ್ಸು ಬೇರೊಬ್ಬರಂತೆ ನಿಲ್ಲುತ್ತದೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಯಾಗಿ ಬರುತ್ತದೆ. ಅದರ ಮೇಲೆ ಅವನು ಕೂಡಲಸಂಗಮನಿಗೆ ದೂರು ಹೇಳುತ್ತಾನೆ. ದೂರು ಹೇಳಬೇಕಾದರೆ ಮೊದಲು ಕಂಡಿರಬೇಕು. ಬಸವಣ್ಣನನ್ನು ಸಮಾಜ ಸುಧಾರಕ ಎಂದು ನೆನೆಯುವವರು ಈ ಇನ್ನೊಂದು ಮುಖವನ್ನು ಬಿಟ್ಟೇಬಿಡುತ್ತಾರೆ. ತನ್ನೊಳಗಿನ ಕಪಟವನ್ನು ಹೆಸರಿಟ್ಟು ಕರೆಯುವ ಧೈರ್ಯವಿದ್ದುದರಿಂದಲೇ ಊರಿನ ಕಪಟವನ್ನೂ ಹೆಸರಿಟ್ಟು ಕರೆಯಲು ಅವನಿಗೆ ಸಾಧ್ಯವಾಯಿತು ಎಂದರೆ ತಪ್ಪಾಗಲಾರದು.

ಮಹಾಕೂಟದಿಂದ ಸ್ವಲ್ಪ ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವಿದೆ. ಕರ್ನಾಟಕದ ಎಷ್ಟೋ ಮಠಗಳ ಸ್ವಾಮಿಗಳು ಇಲ್ಲಿ ವಟುಗಳಾಗಿದ್ದು ಕಲಿತವರು. ಇಲ್ಲಿನ ಶಿವಯೋಗದ ನಡುವೆ ಇರುವುದು ಇಷ್ಟಲಿಂಗ. ಸಾಧಕ ಅದನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ, ಅರೆತೆರೆದ ಕಣ್ಣಿನಿಂದ ಎವೆಯಿಕ್ಕದೆ ನೋಡುತ್ತಾನೆ. ಲಿಂಗದ ಮೇಲಿನ ಕಂತಿ ಎಂಬ ಕಪ್ಪು ಲೇಪದ ನುಣುಪಿನಲ್ಲಿ ದೀಪದ ಬೆಳಕು ಒಂದು ಚಿಕ್ಕ ಚುಕ್ಕೆಯಾಗಿ ಕಾಣುತ್ತದೆ. ದೃಷ್ಟಿ ನಿಲ್ಲಬೇಕಾದದ್ದು ಆ ಚುಕ್ಕೆಯಲ್ಲಿ. ಕೈ ನೋಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮನಸ್ಸು ಜಾರಿದ ಕೂಡಲೇ ಅಂಗೈ ಸಡಿಲುತ್ತದೆ, ಚುಕ್ಕೆ ಜಾಗ ಬಿಡುತ್ತದೆ. ಹಾಗಾಗಿ ಜಾರಿದ್ದನ್ನು ಒಳಗಿನ ನೆನಪು ಹೇಳುವುದಕ್ಕೆ ಮುಂಚೆ ಕಣ್ಣೇ ಹೇಳುತ್ತದೆ. ಮನಸ್ಸನ್ನು ಕೈಗೂ ಕಣ್ಣಿಗೂ ಕಟ್ಟಿಹಾಕಿದ ಈ ಪದ್ಧತಿಯ ಚಾತುರ್ಯಕ್ಕೆ ಇನ್ನೂ ತಕ್ಕ ಗಮನ ಸಿಕ್ಕಿಲ್ಲ.

ಇದೇ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಸಂಗೀತಗಾರ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದ. ಅವರ ಪಾಲಿಗೆ ಜಾರಿದ್ದನ್ನು ತಿಳಿಸುವ ಕೆಲಸವನ್ನು ಶ್ರುತಿ ಮಾಡಿತು. ತಂಬೂರಿ ಮೀಟುತ್ತಿರುವಾಗ ಸ್ವರ ಕೂದಲೆಳೆಯಷ್ಟು ಕೆಳಗಿಳಿದರೂ ಕಿವಿಗೆ ತಿಳಿಯುತ್ತದೆ. ಕಲಿಯುವವನಿಗೆ ಒಂದು ಆವರ್ತನದ ನಂತರ, ಪಳಗಿದವನಿಗೆ ಆ ಮಾತ್ರೆಯಲ್ಲೇ.

ಈ ಭಾಗದ ಮಠಗಳಲ್ಲಿ ಸ್ವಾಮಿಗಳ ಮುಂದೆ ಜನ ಇಡುವ ಪ್ರಶ್ನೆ ಬಹಳ ಸಲ ಒಂದೇ.

“ಮನಸ್ಸ ನಿಂದರವಲ್ದ್ರೀ ಅಪ್ಪಾರ, ಏನ್ ಮಾಡ್ಲಿ?”

“ನಿಂದ್ರೂದು ಅದರ ಗುಣಾನ ಅಲ್ಲೋ ತಮ್ಮಾ. ಎಲ್ಲಿಗೆ ಹೋಗಿತ್ತು ಅನ್ನೂದು ಗೊತ್ತಾತಿಲ್ಲೋ? ಇವತ್ತಿಗೆ ಅಷ್ಟ ಸಾಕು.”

ಇಷ್ಟು ಮಾತಿನಲ್ಲಿ ವಿಲಿಯಂ ಜೇಮ್ಸನ ಪುಟಗಳ ಸಾರವಿದೆ. ಮನಸ್ಸನ್ನು ಹತ್ತು ದಿನದಲ್ಲಿ ಖಾಲಿ ಮಾಡಿಕೊಡುತ್ತೇವೆ ಎಂದು ಶುಲ್ಕ ಕಟ್ಟಿಸಿಕೊಳ್ಳುವ ಶಿಬಿರಗಳಲ್ಲಿ ಈ ಮಾತು ಕೇಳಿಸುವುದಿಲ್ಲ. ಖಾಲಿ ಮನಸ್ಸಿನ ಆಸೆ ಹತ್ತಿಸಿಕೊಂಡವರು, ತುಂಬಿದ ಮನಸ್ಸು ಕಂಡಾಗಲೆಲ್ಲ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಳಿದುಕೊಳ್ಳುವುದೂ ಮನಸ್ಸಿನ ಇನ್ನೊಂದು ಓಟ.

ನೋಡುವುದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರು ಇಳಕಲ್ಲಿಗೆ ಹೋಗಬೇಕು. ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹೆಗಲಿಗೇರಿಸಿ ಊರೂರು ತಿರುಗಲು ಹೊರಟರು. ಕಾಳು ಬೇಡ, ದುಡ್ಡು ಬೇಡ, ನಿಮ್ಮ ದುಶ್ಚಟ ಹಾಕಿ ಎಂಬುದು ಅವರ ಭಿಕ್ಷೆ. ಜನ ಕುಡಿತ, ತಂಬಾಕು, ಗುಟ್ಕಾ ಬಿಡುವುದಾಗಿ ಮಾತು ಕೊಟ್ಟು ಜೋಳಿಗೆಗೆ ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಜೋಳಿಗೆಯ ಗುಟ್ಟು ಬರೀ ಆಣೆಯಲ್ಲಿಲ್ಲ. ಅಪ್ಪಗಳ ಜೋಳಿಗೆಗೆ ಹಾಕಿಬಂದ ಮನುಷ್ಯನಿಗೆ ಸಂಜೆ ಆರಕ್ಕೆ ಆಸೆ ಎದ್ದಾಗ, ಅದು ಇನ್ನು ಸದ್ದಿಲ್ಲದೆ ಅವನನ್ನು ಅಂಗಡಿಗೆ ಎಳೆದೊಯ್ಯಲಾರದು. ‘ಬಂತು ನೋಡು’ ಎಂದು ಅವನಿಗೆ ಗೊತ್ತಾಗುತ್ತದೆ. ಮೊದಲು ಗ್ಲಾಸು ಖಾಲಿಯಾದ ಮೇಲೆ ಗೊತ್ತಾಗುತ್ತಿದ್ದದ್ದು ಈಗ ಚಪ್ಪಲಿ ಮೆಟ್ಟುವಾಗ ಗೊತ್ತಾಗುತ್ತದೆ. 2011ರಲ್ಲಿ ಅಮೆರಿಕದ ಜಡ್ಸನ್ ಬ್ರೂಯರ್ ತಂಡ 88 ಧೂಮಪಾನಿಗಳ ಮೇಲೆ ಇಂಥದೇ ಪರೀಕ್ಷೆ ಮಾಡಿತು. ಆಸೆ ಏಳುವುದನ್ನು ಮೈಯಲ್ಲಿ ಗಮನಿಸಲು ಕಲಿತವರಲ್ಲಿ ಶೇ. 31ರಷ್ಟು ಜನ 17 ವಾರಗಳ ಹೊತ್ತಿಗೆ ಸಿಗರೇಟು ಬಿಟ್ಟಿದ್ದರು. ರೂಢಿಯ ಕಾರ್ಯಕ್ರಮಕ್ಕೆ ಹೋದವರಲ್ಲಿ ಬಿಟ್ಟವರು ಶೇ. 6. ಅಧ್ಯಯನ ಸಣ್ಣದು, ಆದರೆ ಅದು ಹೇಳುವ ಕೆಲಸ ಇಳಕಲ್ಲಿಗೆ ಹೊಸದಲ್ಲ.

ಇಷ್ಟೆಲ್ಲ ಆದರೂ ನೋಡುವವರು ಯಾರು ಎಂಬ ಮೂಲ ಪ್ರಶ್ನೆ ಹಾಗೇ ಉಳಿದಿದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಆರ್.ಡಿ. ರಾನಡೆ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, ನಿಂಬಾಳದ ಆಶ್ರಮದಲ್ಲಿ ಬಾಳಿದ ಗುರುದೇವ, 1926ರಲ್ಲಿ ಉಪನಿಷತ್ತುಗಳ ಮೇಲೆ ದೊಡ್ಡ ಗ್ರಂಥ ಬರೆದರು. ಅರಿಯುವವನನ್ನು ಯಾವುದರಿಂದ ಅರಿಯಬೇಕು ಎಂಬ ಯಾಜ್ಞವಲ್ಕ್ಯನ ಪ್ರಶ್ನೆ ಆ ಉಪನಿಷತ್ತುಗಳ ನಡುಮಧ್ಯದಲ್ಲಿದೆ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್, ಇನ್ನು 25 ವರ್ಷದೊಳಗೆ ಮೆದುಳಿನಲ್ಲಿ ಪ್ರಜ್ಞೆಯ ಗುರುತನ್ನು ಸ್ಪಷ್ಟವಾಗಿ ಹಿಡಿಯುತ್ತೇವೆ ಎಂದು ತತ್ತ್ವಜ್ಞ ಡೇವಿಡ್ ಚಾಲ್ಮರ್ಸ್ ಜೊತೆ ಪಂಥ ಕಟ್ಟಿದರು. 2023ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಹೊಂಡದ ಲಿಂಗದಲ್ಲಿ ಕಡೆಯದೇ ಬಿಟ್ಟ ಐದನೆಯ ಮುಖ ಪ್ರಯೋಗಾಲಯದಲ್ಲೂ ಸದ್ಯಕ್ಕೆ ಕಂಡಿಲ್ಲ. ಆದರೆ ಉಳಿದ ನಾಲ್ಕು ಮುಖಗಳನ್ನು ನೋಡಲು ಆ ಉತ್ತರಕ್ಕೆ ಕಾಯಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತೀವ್ರ ಖಿನ್ನತೆ, ಹಳೆಯ ಆಘಾತದ ನೆನಪು, ಕಿವಿಯಲ್ಲಿ ಧ್ವನಿ ಕೇಳಿಸುವ ತೊಂದರೆ ಇರುವವರು ಒಬ್ಬರೇ ಕುಳಿತು ಮನಸ್ಸನ್ನು ನೋಡಲು ಹೋದರೆ ನೋವು ಹೆಚ್ಚಬಹುದು. ಅಂಥವರಿಗೆ ಮೊದಲು ಬೇಕಾದದ್ದು ವೈದ್ಯರು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಕರೆ ಮಾಡಬಹುದು, ಶುಲ್ಕವಿಲ್ಲ.

ಉಳಿದವರಿಗೆ ಒಂದು ಮಾತು. ಬಾದಾಮಿಗೆ ಬಂದವರು ಗುಹೆಗಳನ್ನು ನೋಡಿ ಪಟ್ಟದಕಲ್ಲಿಗೆ ಹಾಗೇ ಹೊರಟುಬಿಡಬೇಡಿ, ನಡುವೆ ಮಹಾಕೂಟದಲ್ಲಿ ಅರ್ಧ ತಾಸು ಇಳಿಯಿರಿ. ಫೋನನ್ನು ಚೀಲದಲ್ಲಿಟ್ಟು ಹೊಂಡದ ಮೆಟ್ಟಿಲ ಮೇಲೆ ಕೂರಿ. ಜನ ಕಡಿಮೆ ಇರುವ ದಿನ ನೋಡಿಕೊಂಡು ಬರುವ ಅಗತ್ಯವೇನೂ ಇಲ್ಲ. ಶ್ರಾವಣ ಸೋಮವಾರದ ಗದ್ದಲದಲ್ಲಿ ಗಂಟೆ ಇನ್ನೂ ಹೆಚ್ಚು ಸಲ ಮೊಳಗುತ್ತದೆ.